ಕಪ್ಪಿಲ್ಲದ ಬಿದ್ರಿ ಹೂದಾನಿ

ಡ್ರಾಯಿಂಗ್ ಸರ್ ತೀರಿಕೊಂಡ ಸುದ್ದಿ ನಮ್ಮ ಭಾಲ್ಕಿ ಶಾಲೆಯ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂತು. ಅದರ ಬೆನ್ನಿಗೇ ಒಂದು ಫೋಟೋ ಬಂತು: ಶಾಲೆಯ ಆಫೀಸಿನ ಗೋಡೆಯ ಮೇಲಿರುವ, ಅವರು ಬರೆದ ಹೂವಿನ ಚಿತ್ರ. ಮಿರಿಮಿರಿ ಮಿಂಚುವ ಕಪ್ಪು ಬಿದ್ರಿ ಹೂದಾನಿ, ಅದರ ಹೊಟ್ಟೆಯ ಸುತ್ತ ಬೆಳ್ಳಿಯ ಬಳ್ಳಿ, ಬಾಯಿಂದ ಹೊರಚೆಲ್ಲಿದ ಕಿತ್ತಳೆ ಬಣ್ಣದ ಕುಸುಬಿ ಹೂವು. ಕೆಳಗೆ ಕೈಮುಗಿದ ಗುರುತುಗಳ ಸಾಲು. ಬೀದರಿನ ಕಲೆಗೆ ಸರ್ ಸಲ್ಲಿಸಿದ ಸೇವೆ ಎಂದು ಒಬ್ಬರು ಬರೆದರು. ಆ ಬಳ್ಳಿ ನೋಡಿದರೆ ಸಾಕು, ಸರ್ ಕೈ ಎಂಥದು ಎಂದು ತಿಳಿಯುತ್ತದೆ ಎಂದು ಇನ್ನೊಬ್ಬರು.

ಅಳು ಬರಬೇಕಾದ ಹೊತ್ತಿನಲ್ಲಿ ನನಗೆ ಸಿಟ್ಟು ಬಂತು. ಆ ಬಳ್ಳಿ ಸರ್ ಕೈಯದಲ್ಲ. ಆ ಕಪ್ಪು ಬಣ್ಣವೂ ಅವರದಲ್ಲ. ಸರ್ ಬರೆದ ಹೂದಾನಿಯಲ್ಲಿ ಕಪ್ಪು ಎಂಬುದು ಹುಡುಕಿದರೂ ಸಿಗುತ್ತಿರಲಿಲ್ಲ. ಅವರು ತಮ್ಮ ಜೀವಮಾನದಲ್ಲಿ ಮೆಚ್ಚಿ ಮುಗಿಸಿದ ಚಿತ್ರ ಅದೊಂದೇ. ಅದನ್ನೇ ಅಳಿಸಿ, ಅಳಿಸಿದ್ದನ್ನೇ ಅವರ ಹೆಸರಿನಲ್ಲಿ ಹೊಗಳುತ್ತಿದ್ದಾರೆ. ಆದ್ದರಿಂದ ಈ ಬರಹ ಶ್ರದ್ಧಾಂಜಲಿಯಾಗಿ ಶುರುವಾಗಿ ತಕರಾರು ಅರ್ಜಿಯಾಗಿ ಮುಗಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಶಾಲೆಯಲ್ಲೂ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕನ್ನಡಕ್ಕೆ, ಗಣಿತಕ್ಕೆ ಇರುವವರನ್ನು ಹೆಸರಿನಿಂದ ಕರೆಯುತ್ತಿದ್ದೆವು. ಇವರು ಬರೀ ಡ್ರಾಯಿಂಗ್ ಸರ್. ತೆಳ್ಳನೆಯ ಆಳು, ತೋಳು ಮಡಚದ ಬಿಳಿ ಅಂಗಿ, ಹೆಗಲಿಗೊಂದು ಖಾದಿ ಚೀಲ. ಊಟದ ಡಬ್ಬಿಯ ಮುಚ್ಚಳವೇ ಅವರ ಬಣ್ಣದ ತಟ್ಟೆ. ಅದನ್ನು ತೊಳೆದರೂ ನೀಲಿ ಹೋಗುತ್ತಿರಲಿಲ್ಲ. ಮಧ್ಯಾಹ್ನ ಚಪಾತಿಯ ಅಂಚಿಗೆ ಒಂದಿಷ್ಟು ನೀಲಿ ಹತ್ತಿರುತ್ತಿತ್ತು. ಅದನ್ನು ಚಿವುಟಿ ತೆಗೆದು ಉಳಿದದ್ದನ್ನು ತಿನ್ನುತ್ತಿದ್ದರು. ಐದನೇ ಇಯತ್ತೆಯ ಮಕ್ಕಳಿಗೂ 'ರಿ' ಹಚ್ಚಿ ಮಾತಾಡುತ್ತಿದ್ದರು. ನನ್ನನ್ನು ವಕೀಲರೇ ಎನ್ನುತ್ತಿದ್ದರು. ನಾನಾಗ ಎಂಟನೇ ಇಯತ್ತೆ. ಈಗ ಬೀದರಿನಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ. ಅವರು ಭವಿಷ್ಯ ಕಂಡಿದ್ದರು ಎಂದು ನಾನು ನಂಬುವುದಿಲ್ಲ. ಎದುರು ಮಾತಾಡುವ ಹುಡುಗಿಯನ್ನು ನಮ್ಮ ಕಡೆ ಎಲ್ಲರೂ ಹಾಗೇ ಕರೆಯುತ್ತಾರೆ.

ನಮಗೆ ಪರಿಚಯ ಬೆಳೆದದ್ದು ಚಿತ್ರದಿಂದಲ್ಲ, ಚರ್ಚಾಸ್ಪರ್ಧೆಯಿಂದ. ಸ್ಪರ್ಧೆಗೆ ಮಕ್ಕಳನ್ನು ಕರೆದೊಯ್ಯಬೇಕಾದವರು ಕನ್ನಡದ ಮಾಸ್ತರರು. ಅವರಿಗೆ ಯಾವಾಗಲೂ ಪಾಠ ಮುಗಿಸುವುದು ಬಾಕಿ ಇರುತ್ತಿತ್ತು. ಡ್ರಾಯಿಂಗ್ ಪಿರಿಯಡ್ ಹೋದರೆ ಯಾರ ತಂದೆ ತಾಯಿಯೂ ಬಂದು ಕೇಳುವುದಿಲ್ಲವಾದ್ದರಿಂದ, ಭಾಲ್ಕಿಯಿಂದ ಬೀದರಿಗೋ ಔರಾದಿಗೋ ಬಸ್ಸು ಹತ್ತುವಾಗ ನಮ್ಮ ಜೊತೆ ಸರ್ ಇರುತ್ತಿದ್ದರು. ನಾನು ಸೀಟಿನಲ್ಲಿ ಕೂತು ಮೊದಲು ವಿಷಯದ ಪರವಾಗಿ, ಆಮೇಲೆ ವಿರೋಧವಾಗಿ ಬಾಯಿಪಾಠ ಮಾಡುತ್ತಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಹಾಗೊಮ್ಮೆ ಚಳಿಗಾಲದಲ್ಲಿ ಔರಾದಿಗೆ ಹೋಗುವಾಗ, ರಸ್ತೆಯ ಪಕ್ಕ ಕುಸುಬಿ ಹೂ ಬಿಟ್ಟಿತ್ತು. ಬಾಜೂದಲ್ಲಿ ಹಸಿರು ಜೋಳ. ಬಸ್ಸು ಯಾವುದೋ ಹಳ್ಳಿಗೆ ದಾರಿ ಒಡೆಯುವ ಫಾಟಾದಲ್ಲಿ ನಿಂತಿತು. ಸರ್ ನನ್ನ ಮಾತು ನಿಲ್ಲಿಸಿದರು.

"ವಕೀಲರ, ಒಂದು ಕಣ್ಣು ಮುಚ್ಚರಿ. ಹೆಬ್ಬೆರಳು ಮುಂದ ಹಿಡೀರಿ. ಆ ಕುಸುಬಿ ಹೊಲ ಮುಚ್ಚರಿ. ಈಗ ಜೋಳ ನೋಡ್ರಿ."

ನೋಡಿದೆ. ಜೋಳ ಜೋಳದ ಹಾಗೇ ಇತ್ತು.

"ಈಗ ಬೆರಳು ತೆಗೀರಿ."

ತೆಗೆದೆ. ಕಿತ್ತಳೆ ಕಣ್ಣಿಗೆ ಬಿದ್ದ ಕೂಡಲೇ ಜೋಳದ ಹಸಿರಿಗೆ ಒಂಥರಾ ನೀಲಿ ಬಂದು ಸೇರಿತು. ಹೊಲಕ್ಕೆ ಯಾರೂ ಏನೂ ಮಾಡಿರಲಿಲ್ಲ. ಬಿಸಿಲು ಅದೇ, ಜೋಳ ಅದೇ. ನಾನು ಸೋಲುವವಳಲ್ಲ, ಬಿಸಿಲಿಗೆ ಕಣ್ಣು ಕೋರೈಸಿ ಹಾಗೆ ಕಂಡಿರಬಹುದು ಎಂದೆ.

"ಇರಬಹುದು," ಎಂದರು ಸರ್. ಬಸ್ಸು ಹೊರಟಿತು.

ಈ 'ಇರಬಹುದು' ನನ್ನ ಜೀವ ತಿಂದಿದೆ. ಚರ್ಚೆ ಕಲಿತವರಿಗೆ ಎದುರಾಳಿ ಬೇಕು. ಇವರು ಎದುರಿಗೆ ನಿಲ್ಲುತ್ತಲೇ ಇರಲಿಲ್ಲ. ನಾವು ಗುದ್ದಲು ಹೋದರೆ ಬಾಗಿಲು ತೆರೆದು ಬದಿಗೆ ಸರಿಯುವ ಜಾತಿ. ಅವರ ಬಾಯಲ್ಲಿ ಇದ್ದದ್ದು ಎರಡೇ ಉತ್ತರ: ಒಂದು 'ಇರಬಹುದು', ಇನ್ನೊಂದು 'ನೋಡ್ರಿ'.

ಅವರ ಕ್ಲಾಸಿನ ಗೋಡೆಗೆ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಹಾಳೆ ಅಂಟಿಸಿದ್ದರು. ಮಣ್ಣಿನ ಜಾಡಿಯಲ್ಲಿ ಹೂವು. ಬಣ್ಣ ಎಷ್ಟು ದಪ್ಪವಾಗಿತ್ತೆಂದರೆ, ಸಗಣಿ ಸಾರಿಸಿದ ನೆಲದ ಮೇಲೆ ಬೆರಳಿನ ಗೆರೆ ಕಾಣುವ ಹಾಗೆ ಬ್ರಶ್ಶಿನ ಗೆರೆ ಕಾಣುತ್ತಿತ್ತು. ಅದನ್ನು ಬರೆದವನು ಡಚ್ಚರವನು ಎಂದು ಸರ್ ಹೇಳುತ್ತಿದ್ದರು. ತನ್ನ ದೇಶದಲ್ಲಿದ್ದಾಗ ಎಲ್ಲವನ್ನೂ ಮಣ್ಣಿನ ಬಣ್ಣದಲ್ಲೇ ಬರೆಯುತ್ತಿದ್ದವನು ಪ್ಯಾರಿಸ್ಸಿಗೆ ಬಂದ. ಎದುರಿಗೆ ಕೂರಿಸಿ ಬರೆಯಲು ಮನುಷ್ಯರು ಬೇಕೆಂದರೆ ಕೈಯಲ್ಲಿ ದುಡ್ಡಿಲ್ಲ. ಹೂವು ಕೂಲಿ ಕೇಳುವುದಿಲ್ಲ, ಎದ್ದು ಹೋಗುವುದಿಲ್ಲ. ಹೂವನ್ನೇ ಬರೆಯುತ್ತ ಕೂತ. ಕಿತ್ತಳೆಯ ಬಾಜೂ ನೀಲಿ, ಹಳದಿಯ ಬಾಜೂ ನೇರಳೆ, ಕೆಂಪಿನ ಬಾಜೂ ಹಸಿರು. ಒಂದರ ಪಕ್ಕ ಒಂದನ್ನು ಇಟ್ಟು, ಯಾವುದು ಯಾವುದನ್ನು ಕೆರಳಿಸುತ್ತದೆ ಎಂದು ಪರೀಕ್ಷೆ ಮಾಡಿದ. ಜಪಾನಿನ ಅಚ್ಚಿನ ಚಿತ್ರ ನೋಡಿ ಗೆರೆ ಗಟ್ಟಿ ಮಾಡಿಕೊಂಡ. ಅವನಿಗಿಂತ ಮೊದಲಿನವರು, ಇಂಪ್ರೆಷನಿಸ್ಟರು, ಓಡಿಹೋಗುವ ಬೆಳಕಿನ ಬೆನ್ನು ಹತ್ತಿದ್ದರು. ಇವನೂ ಇವನ ಕಾಲದ ಇನ್ನು ಕೆಲವರೂ ಬೆಳಕೊಂದೇ ಸಾಲದು ಎಂದರು. ಒಬ್ಬನಿಗೆ ವಸ್ತುವಿನ ಗಟ್ಟಿತನ ಬೇಕಿತ್ತು, ಒಬ್ಬನಿಗೆ ಮನಸ್ಸಿನ ಕಾವು. ಫ್ರಾನ್ಸಿನ ದಕ್ಷಿಣದಲ್ಲಿದ್ದ ಇನ್ನೊಬ್ಬ ಎಷ್ಟು ನಿಧಾನ ಎಂದರೆ, ಚಿತ್ರ ಮುಗಿಯುವುದರೊಳಗೆ ಹೂ ಬಾಡಿ ಹೋಗುತ್ತಿತ್ತಂತೆ. ಕೊನೆಗೆ ಕಾಗದದ ಹೂ ತಂದಿಟ್ಟುಕೊಂಡನಂತೆ.

ನಾನು ಪುಸ್ತಕ ಹುಡುಕಿ ಓದಿ ತಯಾರಾಗಿ ಹೋದೆ. ಅವರೆಲ್ಲರನ್ನೂ ಸೇರಿಸಿ ಕರೆಯುವ ಪೋಸ್ಟ್ ಇಂಪ್ರೆಷನಿಸಂ ಎಂಬ ಹೆಸರು ಆ ಚಿತ್ರಕಾರರಿಗೆ ಗೊತ್ತೇ ಇರಲಿಲ್ಲ, ಅವರಲ್ಲಿ ದೊಡ್ಡವರು ಸತ್ತ ಮೇಲೆ ಲಂಡನ್ನಿನಲ್ಲಿ ಯಾರೋ ಒಂದು ಪ್ರದರ್ಶನಕ್ಕೆ ತಲೆಬರಹ ಬೇಕೆಂದು ಇಟ್ಟರು ಎಂದೆ. ತಾವು ಸೇರಿದ್ದು ತಮಗೇ ಗೊತ್ತಿಲ್ಲದ ಪಂಗಡ ಎಂಥ ಪಂಗಡ ಸರ್, ನೀವು ಕಲಿಸುವುದು ಕಲೆಯೋ ಪ್ರದರ್ಶನದ ಪೋಸ್ಟರ್ರೋ ಎಂದು ಕೇಳಿದೆ. ಇಡೀ ಕ್ಲಾಸು ಹಿಂದಕ್ಕೆ ತಿರುಗಿ ನನ್ನನ್ನು ನೋಡಿತು.

"ಪೋಸ್ಟರ್ ಇರಬಹುದು ರಿ," ಎಂದರು ಸರ್. "ಆ ಎಡಗಡೆ ಹೂವು ನೋಡ್ರಿ."

ಅಲ್ಲಿಗೆ ನಾನು ಬಿಡಲಿಲ್ಲ. ಆ ಡಚ್ಚಿನವನು ಪ್ಯಾರಿಸ್ಸಿನ ಬಿಸಿಲಿಗೆ ಬರೆದದ್ದನ್ನು ನಮ್ಮ ಬೀದರಿನ ಬಿಸಿಲಿನಲ್ಲಿ ಕೂತು ನಕಲು ಮಾಡುವುದರಲ್ಲಿ ಏನು ದೊಡ್ಡಸ್ತಿಕೆ ಎಂದೆ. ಸರ್ ಚಾಕ್ ಕೆಳಗಿಟ್ಟು ಬಹಳ ಹೊತ್ತು ಆ ಹಾಳೆಯ ಕಡೆ ನೋಡಿದರು. ಉತ್ತರ ಬಂದದ್ದು ವರ್ಷಗಳ ನಂತರ; ಅದೂ ಮಾತಿನಲ್ಲಲ್ಲ.

ನಾನಾಗ ಕಾನೂನು ಓದಲು ಬೀದರಿಗೆ ಬಂದಿದ್ದೆ. ಸರ್ ಮನೆ ಬೀದರಿನ ಹಳೆಯ ಊರಿನಲ್ಲಿ. ಅಲ್ಲಿಂದಲೇ ದಿನಾ ಭಾಲ್ಕಿಗೆ ಹೋಗಿ ಬರುತ್ತಿದ್ದರು. ರಿಟೈರ್ ಆಗಲು ಸ್ವಲ್ಪ ದಿನವಿತ್ತು. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಓಣಿಯವರಿಗೆಲ್ಲ ಅವರು ಸಿಸ್ಟರಮ್ಮ. ಅವರ ಮೆಥಡಿಸ್ಟ್ ಚರ್ಚಿನಲ್ಲಿ ಭಾನುವಾರದ ಆರಾಧನೆಗೆ ವೇದಿಕೆಯ ಹೂವು ಪಾಳಿಯ ಪ್ರಕಾರ ಒಂದೊಂದು ಮನೆಯವರದು. ಆರಾಧನೆ ಮುಗಿದ ಮೇಲೆ ಆ ಹೂವು ರೋಗಿಗಳ ವಾರ್ಡಿಗೆ ಹೋಗುತ್ತಿತ್ತು. ದಂಟು ಮುರಿದದ್ದು, ಎಸಳು ಉದುರಿದ್ದು ಸರ್ ಚೀಲಕ್ಕೆ. ಅದನ್ನೇ ಮನೆಗೆ ತಂದು ವರ್ಷಗಟ್ಟಲೆ ಬರೆದಿದ್ದರು, ಬರೆದದ್ದನ್ನು ಹರಿದೂ ಹಾಕಿದ್ದರು. ಇದರಾಗ ಆ ಡಚ್ಚಿನವನ ಕೈ ಅದ, ನಂದಿಲ್ಲ ಎನ್ನುತ್ತಿದ್ದರಂತೆ.

ಆ ಜನವರಿಯಲ್ಲಿ ನಾನೊಂದು ಭಾನುವಾರ ಹೋದಾಗ ಮನೆಯಲ್ಲಿ ನಗೆಯೋ ನಗೆ. ಸರ್ ಬಗದಲ್‌ನಲ್ಲಿ ಪರಿಚಯದವರ ಹೊಲಕ್ಕೆ ಹೋಗಿ ಒಂದು ಹೊರೆ ಕುಸುಬಿ ಹೂ ಕೊಯ್ದು ತಂದಿದ್ದರು. ಗಾಂಧಿ ಗಂಜಿನ ಕಾಳಿನ ಪೇಟೆಯ ಮುಂದೆ ಬರುವಾಗ ಅಡತಿ ದಲ್ಲಾಳಿಯೊಬ್ಬ ಇವರನ್ನು ತಡೆದು, ಮಾಸ್ತರ, ಸ್ಯಾಂಪಲ್ ತಂದೀರಿ, ಚೀಲ ಎಲ್ಲಿ ಅವ ಎಂದು ಕೇಳಿದ್ದನಂತೆ. ಕುಸುಬಿಯ ಮೈಯೆಲ್ಲ ಮುಳ್ಳು. ಸರ್ ಹೆಂಡತಿಯ ಹಳೆಯ ರಬ್ಬರ್ ಕೈಗವಸು ಹಾಕಿಕೊಂಡು, ಆಪರೇಶನ್‌ಗೆ ನಿಂತ ಡಾಕ್ಟರರ ಹಾಗೆ ಒಂದೊಂದೇ ದಂಟನ್ನು ಹೂದಾನಿಗೆ ಇಳಿಸುತ್ತಿದ್ದರು.

"ಎಣ್ಣಿ ತೆಗಿಯೂ ಹೂವು ಹೂದಾನ್ಯಾಗ ಇಟ್ಟಾರ ನೋಡವಾ," ಎಂದರು ಸಿಸ್ಟರಮ್ಮ ನನಗೆ ಚಹಾ ಕೊಡುತ್ತ. "ನಾಳಿ ತೊಗರಿ ಕಟಗಿ ತಂದು ಇಡ್ತಾರ. ಮಂದಿ ಬಂದ್ರ ನಾ ಏನ್ ಹೇಳ್ಬೇಕು?"

"ಆ ಡಚ್ಚಿನವ ಬರದ ಸೂರ್ಯಕಾಂತಿನೂ ಎಣ್ಣಿ ತೆಗಿಯೂ ಹೂವೇ," ಎಂದರು ಸರ್.

ಹೂದಾನಿ ಅವರದಲ್ಲ. ಎದುರು ಮನೆಯ ಚಾಚಾ ಬಿದ್ರಿ ಕೆಲಸದವರು. ಅಂಗಡಿಗೆ ಕೊಡಬೇಕಾದ ಮಾಲನ್ನು ಸರ್ ಮುಖ ನೋಡಿ ಕೊಟ್ಟಿದ್ದರು. ಅಪ್ಪಟ ಕಪ್ಪು, ಅದರೊಳಗೆ ಬೆಳ್ಳಿಯ ಬಳ್ಳಿ. ಅದನ್ನು ಸರ್ ಉತ್ತರದ ಕಿಟಕಿಯಲ್ಲಿ ಇಟ್ಟಿದ್ದರು. ಅವರು ಬರೆಯುವುದಕ್ಕಿಂತ ನೋಡುವುದೇ ಹೆಚ್ಚು. ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಹೂದಾನಿ ಮರೆಮಾಡಿ ಹೂ ನೋಡುವರು. ಹೂ ಮರೆಮಾಡಿ ಹೂದಾನಿ ನೋಡುವರು. ಆಮೇಲೆ ಡಬ್ಬಿಯ ಮುಚ್ಚಳದ ಮೇಲೆ ಬಣ್ಣ ಕಲೆಸಿ ಒಂದು ಗೀಟು. ಮತ್ತೆ ಕೈ ಕೆಳಗೆ.

ಮುಂದಿನ ಭಾನುವಾರ ಹೋದಾಗ ಚಿತ್ರ ಮುಗಿದಿತ್ತು. ಕ್ಯಾನ್ವಾಸಿನ ಮೇಲೆ ಆ ಹೂದಾನಿ ಕಪ್ಪಿರಲಿಲ್ಲ. ಹೆಗಲಿನ ಮೇಲೆ ಆಕಾಶದ ನೀಲಿ, ಹೊಟ್ಟೆಯಲ್ಲಿ ನೇರಳೆ, ಎಲೆ ಬಾಗಿದಲ್ಲಿ ಹಸಿರು, ಹೂವು ಬಗ್ಗಿದಲ್ಲಿ ಸುಟ್ಟ ಇಟ್ಟಿಗೆಯ ಕೆಂಪು. ಬಳ್ಳಿಯೇ ಇಲ್ಲ, ಬೆಳ್ಳಿ ಹೊಳೆದ ಕಡೆ ಮಾತ್ರ ಅಲ್ಲೊಂದು ಇಲ್ಲೊಂದು ತೆಳು ಹಳದಿಯ ಚುಕ್ಕೆ. ಅದರ ಮೇಲೆ ಆ ಮುಳ್ಳು ಹೂಗಳು. ನಾನು ಚಿತ್ರ ಮೆಚ್ಚುವವಳಲ್ಲ. ಆದರೆ ಕೋಣೆಯೊಳಗೆ ಕಾಲಿಟ್ಟ ಕೂಡಲೇ, ಯಾರೋ ಒಳಗೆ ಒಲೆ ಹಚ್ಚಿದ್ದಾರೆ ಎನಿಸಿತು.

ಅದನ್ನು ಹೇಳಲಿಲ್ಲ. ವಾದ ಶುರು ಮಾಡಿದೆ. ಕಣ್ಣೆದುರು ಕಪ್ಪು ಹೂದಾನಿ ಇದೆ, ಊರೇ ಇದನ್ನು ಕಪ್ಪಿಗಾಗಿ ಕೊಳ್ಳುತ್ತದೆ, ನೀವು ನೇರಳೆ ಬರೆಯುತ್ತೀರಿ. ನಿಮ್ಮ ಆ ಚಿತ್ರಕಾರರೇ ಬೇಕಾದಲ್ಲಿ ಕಪ್ಪು ಬಳಸಿದ್ದಾರೆ ಎಂದೆ. ಕಪ್ಪಿನ ಪಕ್ಕ ಯಾವ ಬಣ್ಣ ಇಟ್ಟರೂ ಹೊಳೆಯುತ್ತದಲ್ಲ, ಹಾಗಿದ್ದರೆ ಕಪ್ಪಿಗೆ ಯಾಕೆ ಹೆದರಿಕೆ ಎಂದೆ.

ಅಂದು ಮಾತ್ರ ಅವರು ಉತ್ತರ ಕೊಟ್ಟರು.

"ಅವರು ಬಳಸ್ಯಾರ, ಖರೇ. ಕಪ್ಪಿನ ಬಾಜೂ ಹೊಳೀತದ, ಅದೂ ಖರೇ." ಬ್ರಶ್ಶಿನ ಹಿಡಿಯಿಂದ ಹೂವಿನ ಕಡೆ ತೋರಿಸಿದರು. "ಆದ್ರ ಹೊಳೀತದ ವಕೀಲರ, ಉರಿಯೂದಿಲ್ಲ. ಇವು ಉರೀಬೇಕು. ಹೂವಿನ ಬಣ್ಣ ಹೂವಿನಾಗ ಇರೂದಿಲ್ಲ, ಬಾಜೂದಾಗ ಇರ್ತದ."

ನಾನು ಫೋನ್ ತೆಗೆದು ಆ ಚಿತ್ರದ ಫೋಟೋ ಹೊಡೆದುಕೊಂಡೆ. ಮುಂದಿನ ವಾದಕ್ಕೆ ಸಾಕ್ಷಿ ಇರಲಿ ಎಂದೇ ಹೊಡೆದದ್ದು.

ಅಷ್ಟರಲ್ಲಿ ಚಾಚಾ ಹೂದಾನಿ ಒಯ್ಯಲು ಬಂದರು. ಕ್ಯಾನ್ವಾಸಿನ ಮುಂದೆ ನಿಂತು ಗಡ್ಡ ಕೆರೆದುಕೊಂಡರು. ಆಮೇಲೆ ಬಹಳ ಮರ್ಯಾದೆಯಿಂದ ಅಂದರು: "ಮಾಸ್ಟರ್ ಸಾಬ್, ಕಾಲಾ ಭೀ ನೈ, ಚಾಂದಿ ಭೀ ನೈ. ಯೇ ಮೇರಾ ಮಾಲ್ ಹೈ ಕರ್ಕೆ ಕಿಸೀಕೋ ನಕ್ಕೋ ಬೋಲೋ." ಕಪ್ಪೂ ಇಲ್ಲ, ಬೆಳ್ಳಿಯೂ ಇಲ್ಲ, ಇದು ನನ್ನ ಮಾಲು ಅಂತ ಯಾರಿಗೂ ಹೇಳಬೇಡಿ ಎಂದು. ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಆ ಚಿತ್ರವನ್ನು ಅವರು ಹರಿಯಲಿಲ್ಲ. ಇದು ನಂದು ಎಂದರು. ರಿಟೈರ್ ಆಗುವ ಮುಂಚೆ ಶಾಲೆಗೆ ಕಾಣಿಕೆಯಾಗಿ ಕೊಟ್ಟರು. ಬಣ್ಣ ಇನ್ನೂ ಪೂರ್ತಿ ಒಣಗಿಲ್ಲ, ಯಾರೂ ಮುಟ್ಟಬೇಡಿ ಎಂದಷ್ಟೇ ಹೇಳಿ ಸ್ಟಾಫ್ ರೂಮಿನ ಕಪಾಟಿನ ಮೇಲೆ ಇಟ್ಟು ಬಂದರು.

ಇಲ್ಲಿ ನಮ್ಮ ಬೀದರ ಜಿಲ್ಲೆಯವರು ಮಾತ್ರ ಮಾಡಬಲ್ಲ ತಪ್ಪೊಂದು ನಡೆಯಿತು. ಬೇರೆ ಊರಿನ ಮಾಸ್ತರರಾಗಿದ್ದರೆ, ಯಾವುದೋ ನೇರಳೆ ಹೂದಾನಿ ಎಂದು ಸುಮ್ಮನಿರುತ್ತಿದ್ದರು. ನಮ್ಮವರಿಗೆ ಬಿದ್ರಿ ಗೊತ್ತು. ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂರಿಸಿದ ಮೇಲೂ ಅದು ಬೂದು ಬಣ್ಣದ್ದೇ. ಕಟ್ಟಕಡೆಗೆ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಾಯಿಸಿ ಉಜ್ಜಿದಾಗಲೇ ಕಪ್ಪಾಗುವುದು. ಕಪ್ಪಾಗದ ಬಿದ್ರಿ ಎಂದರೆ ಮುಗಿಯದ ಬಿದ್ರಿ. ಹಾಗಾಗಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಒಂದೇ ಅನಿಸಿದೆ: ಪಾಪ, ಸರ್‌ಗೆ ಚಿತ್ರ ಮುಗಿಸಲು ವೇಳೆ ಸಿಕ್ಕಿಲ್ಲ. ಔರಾದಿನ ಕಡೆಯವರಾದ ಪಿ.ಟಿ. ಮಾಸ್ತರರು ಉಪಾಯ ಹೇಳಿದರು. ಸರ್ ಮೊದಲು ಔರಾದಿನಲ್ಲಿ ಕಲಿಸುತ್ತಿದ್ದಾಗ ಅವರ ಹತ್ತಿರ ಕಲಿತ ಹುಡುಗನೊಬ್ಬ ಈಗ ಅಲ್ಲಿ ಬೋರ್ಡು ಬರೆಯುವ ಪೇಂಟರ್. ಶಿಷ್ಯನೇ ಗುರುವಿನ ಕೆಲಸ ಮುಗಿಸಲಿ, ಬೀಳ್ಕೊಡುಗೆಯ ದಿನ ಸರ್‌ಗೆ ಗೊತ್ತಿಲ್ಲದ ಹಾಗೆ ಮುಂದಿಡೋಣ. ಚಿತ್ರವನ್ನು ಚಾದರದಲ್ಲಿ ಸುತ್ತಿ ಬಸ್ಸಿನಲ್ಲಿ ಔರಾದಿಗೆ ಒಯ್ದವರೂ ಅವರೇ. ಒಬ್ಬರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ನನಗೆ ಸಿಟ್ಟು ತಣಿಯದಿರುವುದೇ ಅದಕ್ಕೆ. ಕೆಟ್ಟ ಬುದ್ಧಿ ಇದ್ದರೆ ಜಗಳವಾಡಬಹುದಿತ್ತು.

ಬೀಳ್ಕೊಡುಗೆಯ ದಿನ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ನನ್ನನ್ನು ಕರೆದಿದ್ದರು. ನನ್ನ ಭಾಷಣ ಮುಗಿದ ಮೇಲೆ ಹೆಡ್‌ಮಾಸ್ತರರು ವೇದಿಕೆಯ ಮೇಲಿನ ಚಿತ್ರದಿಂದ ಬಟ್ಟೆ ಸರಿಸಿದರು. ನೀವು ಅರ್ಧಕ್ಕೆ ಬಿಟ್ಟದ್ದನ್ನು ನಿಮ್ಮ ಶಿಷ್ಯನೇ ಪೂರ್ತಿ ಮಾಡಿದ್ದಾನೆ ಎಂದರು. ಸಭೆ ಚಪ್ಪಾಳೆ ತಟ್ಟಿತು.

ಕಪ್ಪು ಎನಾಮೆಲ್. ಅದರ ಮೇಲೆ ಬೆಳ್ಳಿಯ ಬಣ್ಣದಲ್ಲಿ ಬಳ್ಳಿ, ಎಲೆ, ಮೊಗ್ಗು. ಆ ಕಪ್ಪಿನ ಮುಂದೆ ಎಲೆಗಳ ನಡುವಿನ ನೇರಳೆ ನೆರಳು ಕೊಳೆ ಹತ್ತಿದ ಹಾಗೆ ಕಾಣುತ್ತಿತ್ತು. ಹೂವು ತೊಳೆದು ತೊಳೆದು ಹಳತಾದ ಸೀರೆಯ ಸೆರಗಿನಂತೆ ಬಣ್ಣಗೆಟ್ಟಿತ್ತು. ಅವನ್ನು ಯಾರೂ ಮುಟ್ಟಿರಲಿಲ್ಲ.

ಸರ್ ಎದ್ದು ಚಿತ್ರದ ಹತ್ತಿರ ಹೋದರು. ಕನ್ನಡಕ ತೆಗೆದು ಒರೆಸಿಕೊಂಡರು. ಬೆರಳನ್ನು ಕ್ಯಾನ್ವಾಸಿಗೆ ತಾಗಿಸದೆ, ಆ ಬಳ್ಳಿಯ ಗುಂಟ ಕೆಳಗಿಂದ ಮೇಲಿನವರೆಗೆ ಒಯ್ದರು. ನಾನು ಕಾಯುತ್ತಿದ್ದೆ. ಈಗ ಹೇಳುತ್ತಾರೆ, ಒಂದೇ ಒಂದು ವಾಕ್ಯ ಹೇಳಿದರೂ ಸಾಕು ಎಂದು.

"ಬಳ್ಳಿ ಯಾರು ಎಳ್ದೀರಿ?" ಎಂದು ಕೇಳಿದರು.

ಹಿಂದಿನ ಸಾಲಿನಲ್ಲಿ ಪೇಂಟರ್ ಎದ್ದು ನಿಂತ. ದೊಡ್ಡ ಗಂಡಸು, ಕ್ಲಾಸಿನ ಹುಡುಗನ ಹಾಗೆ ಕೈ ಎತ್ತಿದ್ದ.

"ಕೈ ಒಂದ್ ಜರಾ ನಡುಗಿಲ್ಲ ನೋಡ್ರಿ," ಎಂದರು ಸರ್ ಸಭೆಯ ಕಡೆ ತಿರುಗಿ. "ಛೊಲೋ ಆಗ್ಯದ."

ವಾಪಸು ಬೀದರಿಗೆ ಬರುವ ಬಸ್ಸಿನಲ್ಲಿ ನಾನು ಅವರನ್ನು ಬಿಡಲಿಲ್ಲ. ನೀವು ಸುಳ್ಳು ಹೇಳಿದಿರಿ ಎಂದೆ. ಬಳ್ಳಿ ಛೊಲೋ ಆಗ್ಯದ ಅಂದೆ, ಅದು ಸುಳ್ಳೇನು ಎಂದರು. ಚಿತ್ರ ಸತ್ತಿತಲ್ಲ ಎಂದೆ. ಖಾದಿ ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡರು. ಎನಾಮೆಲ್ ಒರೆಸಿ ತೆಗೆಯಬಹುದು, ನಾನೇ ಹೆಡ್‌ಮಾಸ್ತರರಿಗೆ ಹೇಳುತ್ತೇನೆ ಎಂದೆ. ಕೆಳಗಿನ ಬಣ್ಣ ಹಸಿ ಇತ್ತು, ಅದು ತೆಗೆದರೆ ಇದೂ ಕಿತ್ತು ಬರುತ್ತದೆ ಎಂದರು. ಹಾಗಾದರೆ ಅವರಿಗೆ ತಪ್ಪಾದರೂ ಗೊತ್ತಾಗಬೇಕೋ ಬೇಡವೋ? ನಿಮ್ಮ ಸಭ್ಯತೆಯಿಂದ ಯಾರಿಗೆ ಲಾಭವಾಯಿತು? ಒಂದು ಊರಿಗೆ ಊರೇ ತಪ್ಪು ನೋಡುತ್ತ ಕೂರುವುದಕ್ಕೆ ನೀವೇ ಒಪ್ಪಿಗೆ ಕೊಟ್ಟ ಹಾಗಾಯಿತಲ್ಲ? ಕಂಡಕ್ಟರ್ ಒಮ್ಮೆ ತಿರುಗಿ ನೋಡಿದ. ಸರ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಹೊಲ ಕೊಯ್ಲಾಗಿ ಬರೀ ಕೂಳೆ ಉಳಿದಿತ್ತು. ಬೀದರಿನಲ್ಲಿ ಇಳಿಯುವಾಗ ಅಂದರು, "ಕುಸುಬಿ ಮತ್ತ ಹೂ ಬಿಡ್ತದಲ್ರಿ."

ಕುಸುಬಿ ಮತ್ತೆ ಹೂ ಬಿಟ್ಟಿತು. ಅಷ್ಟು ಹೊತ್ತಿಗೆ ಅವರ ಕಣ್ಣು ಕೆಟ್ಟಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಎಂದು ಸಿಸ್ಟರಮ್ಮ ಹೇಳಿದರು. ಬಗದಲ್‌ನಿಂದ ಯಾರೋ ಹೂ ತಂದುಕೊಟ್ಟರಂತೆ. ಸರ್ ಅದನ್ನು ಕಿಟಕಿಯಲ್ಲಿ ಇರಿಸಿ, ಹೆಬ್ಬೆರಳು ಅಡ್ಡ ಹಿಡಿದು ತೆಗೆದು ಮಾಡಿ, ಬ್ರಶ್ ಮುಟ್ಟದೆ ಎದ್ದರಂತೆ. ಎರಡನೆಯ ಚಿತ್ರ ಆಗಲೇ ಇಲ್ಲ.

ಈಗ ಗುಂಪಿನಲ್ಲಿ ಕೈಮುಗಿದ ಗುರುತುಗಳ ಸಾಲು ನೋಡಿ ಸುಮ್ಮನಿರಲು ನನ್ನಿಂದ ಆಗಲಿಲ್ಲ. ನನ್ನ ಫೋನಿನ ಹಳೆಯ ಫೋಟೋ ಹುಡುಕಿ ಹಾಕಿದೆ. ಇದು ಸರ್ ಬರೆದ ನಿಜವಾದ ಚಿತ್ರ, ಗೋಡೆಯ ಮೇಲಿರು‌ವುದಲ್ಲ ಎಂದು ಕೆಳಗೆ ಬರೆದೆ. ಮೊದಲ ಉತ್ತರ ಪಿ.ಟಿ. ಮಾಸ್ತರರದು: "ಚಿತ್ರ ಅರ್ಧ ಆದಾಗಿನ ಅಪರೂಪದ ಫೋಟೋ. ಧನ್ಯವಾದ ತಂಗಿ." ಅದರ ಕೆಳಗೆ ಮತ್ತೆ ಕೈಮುಗಿದ ಗುರುತುಗಳು.

ಸರ್ ಅವರನ್ನು ಮಣ್ಣು ಮಾಡಿದ ಮರುದಿನ ಔರಾದಿನ ಬಸ್ಸು ಹತ್ತಿದೆ. ತಪ್ಪು ಮಾಡಿದವನಿಗಾದರೂ ತಪ್ಪು ತಿಳಿಯಲಿ. ಅವನೇ ಒಪ್ಪಿದ್ದಾನೆ ಎಂದು ಗುಂಪಿನಲ್ಲಿ ಹಾಕಿದರೆ ಯಾರೂ ಎದುರಾಡಲಾರರು. ಸರ್ ಯಾವತ್ತೂ ಹೇಳದ ಒಂದು ವಾಕ್ಯವನ್ನು ನಾನು ದಾರಿಯುದ್ದಕ್ಕೂ ತಿದ್ದಿ ತಿದ್ದಿ ಚೂಪು ಮಾಡಿದೆ.

ಅವನ ಅಂಗಡಿ ಬಸ್ ಸ್ಟ್ಯಾಂಡಿನ ಹತ್ತಿರವೇ. ಹಿಟ್ಟಿನ ಗಿರಣಿಯೊಂದರ ಬೋರ್ಡು ಗೋಡೆಗೆ ಒರಗಿಸಿ ಬರೆಯುತ್ತಿದ್ದ. ಅಕ್ಕಪಕ್ಕದ ಅಂಗಡಿಗಳದೆಲ್ಲ ಫ್ಲೆಕ್ಸ್. ನಾನು ಯಾರೆಂದು ಹೇಳಿದ ಕೂಡಲೇ, ಅವತ್ತು ಭಾಷಣ ಮಾಡಿದ ಮೇಡಂ ಎಂದು ಗುರುತು ಹಿಡಿದ, ಸ್ಟೂಲು ಒರೆಸಿ ಕೊಟ್ಟ. ಸರ್ ಮಣ್ಣಿಗೆ ಹೋಗಿ ಬಂದಿದ್ದೆ ಎಂದ. ಆಮೇಲೆ ಕೇಳದಿದ್ದರೂ ತಾನೇ ಶುರು ಮಾಡಿದ.

"ಮನ್ಯಾಗ ಎಲ್ಲಾರೂ ಫ್ಲೆಕ್ಸ್ ಮಷಿನ್ ಹಾಕು ಅಂತಿದ್ರು ರಿ ಮೇಡಂ. ಬ್ರಶ್ ಬಿಡೂದು ಪಕ್ಕಾ ಆಗಿತ್ತು. ಅವತ್ತ ಸರ್ ಅಷ್ಟು ಮಂದಿ ಮುಂದ ಕೈ ನಡುಗಿಲ್ಲ ಅಂದ್ರು. ಮನಿಗಿ ಬಂದು ಮಷಿನ್ ಬ್ಯಾಡ ಅಂದೆ." ಬ್ರಶ್ಶನ್ನು ಬಟ್ಟೆಗೆ ಒರೆಸಿದ. "ಸಾಲ್ಯಾಗ ಇದ್ದಾಗ ಅವರು ನಂಗ ಒಂದು ಸಲನೂ ಛೊಲೋ ಅಂದಿದ್ದಿಲ್ರಿ. ನೋಡ್ರಿ ಅಂತಿದ್ರು, ಅಷ್ಟೇ."

ನನ್ನ ಚೂಪಾದ ವಾಕ್ಯ ತಯಾರಾಗಿಯೇ ಇತ್ತು. ಆ ಹೊತ್ತಿನಲ್ಲೂ ಅದು ನಿಜವಾಗಿಯೇ ಇತ್ತು; ಈಗಲೂ ನಿಜವೇ. ಒಬ್ಬನ ಹೊಟ್ಟೆಪಾಡು ಒಂದು ಸುಳ್ಳಿನ ಮೇಲೆ ನಿಂತಿದೆ ಎಂದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ. ಇದನ್ನು ನಾನು ಯಾವ ವೇದಿಕೆಯ ಮೇಲೆ ಬೇಕಾದರೂ ವಾದಿಸಿ ಗೆಲ್ಲಬಲ್ಲೆ. ಆದರೆ ಅಲ್ಲಿ, ಆ ಸ್ಟೂಲಿನ ಮೇಲೆ ಕೂತು, ಬರೀ ಫೋನ್ ತೆಗೆದು, ನೀವು ಕೈ ಹಚ್ಚುವ ಮೊದಲು ಚಿತ್ರ ಹೀಗಿತ್ತು ಎಂದು ಹಳೆಯ ಫೋಟೋ ತೆರೆದು ಕೊಟ್ಟೆ.

ಅವನು ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದ. ಹೌದೌದು, ಹಿಂಗೇ ಇತ್ತು, ಕಪ್ಪು ಹಾಕಿರಲಿಲ್ಲ ಎಂದ. ಫೋನ್ ವಾಪಸು ಕೊಡಲು ಕೈ ಚಾಚಿದವನು ಹಿಂದಕ್ಕೆಳೆದುಕೊಂಡ. ತನ್ನ ಫೋನಿನಲ್ಲಿ ಪಿ.ಟಿ. ಮಾಸ್ತರರು ಕಳಿಸಿದ್ದ ಗೋಡೆಯ ಮೇಲಿನ ಚಿತ್ರದ ಹೊಸ ಫೋಟೋ ತೆರೆದು ಎರಡನ್ನೂ ಮೊಣಕಾಲಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡ.

"ಮೇಡಂ, ಇದ್ರಾಗ ಹೂವು ಉರೀಲತ್ತಾವಲ್ರಿ," ಎಂದ. "ಆಮ್ಯಾಲ ಹೂವಿಗಿ ಸರ್ ಏನರ ಮಾಡಿದ್ರೇನು?"

ಹೂವಿಗೆ ಯಾರೂ ಏನೂ ಮಾಡಿರಲಿಲ್ಲ. ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಭಾಲ್ಕಿಯ ಸಭೆಯಲ್ಲಿ, ಬಸ್ಸಿನಲ್ಲಿ, ವಾಟ್ಸಾಪಿನಲ್ಲಿ ನಾನು ಯಾರದಾದರೂ ಬಾಯಿಂದ ಯಾವ ಪ್ರಶ್ನೆ ಕೇಳಲು ಒದ್ದಾಡಿದ್ದೆನೋ ಆ ಪ್ರಶ್ನೆಯನ್ನು ಇವನು ತಾನಾಗಿ ಕೇಳಿದ್ದ. ಹೇಳಿದರೆ ಮುಗಿಯಿತು.

"ನೋಡ್ರಿ," ಎಂದೆ.

ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ನನಗೇ ಮೈಯೆಲ್ಲ ಉರಿಯಿತು. ಅವನು ನನ್ನ ಮುಖ ನೋಡಲಿಲ್ಲ. ಒಂದು ಕಣ್ಣು ಮುಚ್ಚಿದ. ಹೆಬ್ಬೆರಳನ್ನು ಹೊಸ ಫೋಟೋದ ಹೂದಾನಿಯ ಮೇಲೆ ಒತ್ತಿದ. ಚಿತ್ರ ಜಾರಿ ಯಾರದೋ ಮದುವೆಯ ಫೋಟೋ ಬಂತು. ಬೈದುಕೊಂಡು ಹಿಂದಕ್ಕೆ ತಂದ. ಈ ಸಲ ಬೆರಳನ್ನು ಗಾಜಿಗೆ ತಾಗಿಸದೆ, ಗಾಳಿಯಲ್ಲೇ ಹಿಡಿದು ಕಪ್ಪನ್ನು ಮುಚ್ಚಿದ. ತೆಗೆದ. ಮತ್ತೆ ಮುಚ್ಚಿದ.

ಗೋಡೆಗೆ ಒರಗಿಸಿದ ಬೋರ್ಡಿನ ಮೇಲೆ ಅರ್ಧ ಬರೆದ ಅಕ್ಷರದಿಂದ ಬಣ್ಣ ಕೆಳಗೆ ಇಳಿಯುತ್ತಿತ್ತು. ಅದನ್ನು ಒರೆಸಲು ಅವನ ಕೈ ಹೋಗಲಿಲ್ಲ.